ಹೂಂ ಅನ್ನುವ ಮುಂಚೆ

ಧಾರಾವಾಹಿಗೆ ನಿನ್ನನ್ನು ಆರಿಸಿದ್ದಾರಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಅವನ ದನಿಯಲ್ಲಿ ಹಿಗ್ಗೂ ಇತ್ತು, ದಿಗಿಲೂ ಇತ್ತು. ‘ನೀನೊಂದು ಮಾತು ಹೇಳಪ್ಪ, ಅವಳು ನಿನ್ನ ಮಾತಾದರೆ ಕೇಳ್ತಾಳೆ’ ಅಂದ. ಸುದ್ದಿ ನಿನಗಿಂತ ಮುಂಚೆ ಮಳವಳ್ಳಿ ಸೇರಿದೆ ಅನ್ನು. ಬೆಳಿಗ್ಗೆ ಹಾಲು ತರಲು ಡೇರಿಗೆ ಹೋದರೆ ‘ಮೇಷ್ಟ್ರೇ, ನಿಮ್ ಮೊಮ್ಮಗಳು ಟಿವೀಲಿ ಬತ್ತಾಳಂತೆ, ದಿಟವಾ?’ ಅಂತ ಕೇಳುವವರೇ ಎಲ್ಲ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತೆ. ಬರೆದು ಕಳಿಸಿದರೆ ನೀನು ಎರಡು ಸಲ ಓದಬಹುದು, ಬೇಕಾದರೆ ನಿಮ್ಮಮ್ಮನಿಗೂ ಓದಿ ಹೇಳಬಹುದು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಹೋಗಬೇಡ ಅನ್ನುವ ತಾತ ನಾನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೊಪ್ಪೇಗೌಡನಪುರದ ನೀಲಗಾರರ ಬಾಯಲ್ಲಿ ಮಂಟೇಸ್ವಾಮಿ ಕಥೆ ಕೇಳಿಕೊಂಡು ಬೆಳೆದ ಸೀಮೆಯವನು, ಬಣ್ಣ ಹಚ್ಚುವುದು, ಪದ ಹೇಳುವುದು ಕೆಟ್ಟದ್ದು ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ನಾನೂ ನಿನ್ನ ವಯಸ್ಸಿನಲ್ಲಿ ಊರ ನಾಟಕದಲ್ಲಿ ಲೋಹಿತಾಶ್ವ ಆಗಿ, ಹಾವು ಕಚ್ಚಿ ಸತ್ತು, ಸತ್ತಲ್ಲೇ ನಿದ್ದೆ ಹೋಗಿ ಬೈಸಿಕೊಂಡವನು.

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕುರುಕ್ಷೇತ್ರ ಆಡದ ಊರು ಅಂತ ಇಲ್ಲ. ಕಬ್ಬು ಕಡಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬರುತ್ತಾರೆ. ಶಾಲೆ ಜಗುಲಿಯಲ್ಲೋ ಮಾರಿಗುಡಿ ಮುಂದೋ ರಾತ್ರಿ ಹೊತ್ತು ಪದ್ಯ ಕಲಿಸುತ್ತಾರೆ. ಇಲ್ಲಿ ನಟನಿಗೆ ಸಂಬಳ ಇಲ್ಲ. ಅವನೇ ದುಡ್ಡು ಕೊಟ್ಟು ಪಾತ್ರ ತಗೊಳ್ಳಬೇಕು. ದುರ್ಯೋಧನ, ಕೃಷ್ಣ ಅಂದರೆ ಹೆಚ್ಚು ದುಡ್ಡು, ಸಣ್ಣ ಪಾತ್ರಕ್ಕೆ ಕಡಿಮೆ. ಸೀನರಿ ಬಾಡಿಗೆ, ಲೈಟು, ಮೇಷ್ಟ್ರ ಸಂಭಾವನೆ, ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲವೂ ಆ ದುಡ್ಡಿನಲ್ಲೇ ಹೊಂದಬೇಕು. ಹೀಗಾಗಿ ಒಂದೇ ರಾತ್ರಿಯ ನಾಟಕದಲ್ಲಿ ಇಬ್ಬರು, ಮೂವರು ದುರ್ಯೋಧನರು. ನಡುರಾತ್ರಿ ಒಬ್ಬ ಕಿರೀಟ ತೆಗೆದಿಟ್ಟು ಇಳಿದರೆ ಇನ್ನೊಬ್ಬ ಅದೇ ಗದೆ ಹಿಡಿದು ಹತ್ತುತ್ತಾನೆ. ನೋಡುವವರಿಗೂ ಗೊಂದಲವಿಲ್ಲ, ಇಳಿದವನಿಗೂ ಅವಮಾನವಿಲ್ಲ. ಬೆಳಗಾದರೆ ಅವನು ಗದ್ದೆಗೆ ನೀರು ಕಟ್ಟಲು ಹೋಗಬೇಕು. ಪಾತ್ರ ಇಳಿಸಿಟ್ಟ ಮೇಲೂ ಅವನು ಯಾರೋ ಒಬ್ಬ.

ಟಿವಿಯಲ್ಲಿ ಪಾತ್ರ ಇಳಿಸುವುದು ಇಷ್ಟು ಸಲೀಸಲ್ಲ ಕಣವ್ವ. 2012ರಲ್ಲಿ ಈಟಿವಿ ಕನ್ನಡದಲ್ಲಿ ‘ಪುಟ್ಟಗೌರಿ ಮದುವೆ’ ಶುರುವಾದಾಗ ನೀನಿನ್ನೂ ಕೂಸು, ನಿಮ್ಮಜ್ಜಿ ಆ ಹೊತ್ತಿಗೆ ಒಲೆ ಹಚ್ಚುತ್ತಿರಲಿಲ್ಲ. ಪುಟ್ಟಗೌರಿಯಾಗಿದ್ದವಳು ಸಾನ್ಯಾ ಅಯ್ಯರ್, ಆಗಿನ್ನೂ ಹುಡುಗಿ. ರಾಜ್ಯಕ್ಕೆ ರಾಜ್ಯವೇ ಅವಳನ್ನು ಮನೆಮಗಳು ಅಂದುಕೊಂಡಿತ್ತು. ಆಮೇಲೆ ಒಂದು ದಿನ ಕತೆ ವರ್ಷಗಳನ್ನು ಹಾರಿತು. ಧಾರಾವಾಹಿಯವರು ಇದಕ್ಕೆ ‘ಲೀಪ್’ ಅನ್ನುತ್ತಾರೆ. ಗೌರಿ ದೊಡ್ಡವಳಾದಳು, ದೊಡ್ಡ ಗೌರಿಯಾಗಿ ರಂಜನಿ ರಾಘವನ್ ಬಂದರು, ಕತೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ನಿಮ್ಮಜ್ಜಿ ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ಹೊಸ ಗೌರಿಗೂ ಅಳತೊಡಗಿದಳು. ಜನ ಹೀಗೇ, ಅವರನ್ನು ದೂರಬೇಡ. ಅವರು ಪ್ರೀತಿಸಿದ್ದು ಗೌರಿಯನ್ನು. ಅಷ್ಟಾಗಿಯೂ 2022ರಲ್ಲಿ ಸಾನ್ಯಾ ಬಿಗ್ ಬಾಸ್ ಮನೆಗೆ ಹೋದಾಗ ನಮ್ಮ ಓಣಿಯವರು ಗುರುತು ಹಿಡಿದದ್ದು ‘ಪುಟ್ಟಗೌರಿ’ ಅಂತಲೇ. ಪಾತ್ರ ಹೋದರೂ ಅದರ ಹೆಸರು ಬಿಡಲಿಲ್ಲ.

ಮಕ್ಕಳ ಪಾತ್ರದ ಧಾರಾವಾಹಿ ಒಪ್ಪಿಕೊಳ್ಳುವವರು ಈ ಲೀಪ್ ಅನ್ನುವುದನ್ನು ಮೊದಲ ದಿನವೇ ತಲೆಯಲ್ಲಿಟ್ಟುಕೊಂಡು ಹೋಗಬೇಕು. ಟಿಆರ್‌ಪಿ ಇಳಿದರೆ ಕತೆ ಹಾರುತ್ತೆ, ಕೆಲವು ಸಲ ಏರಿದರೂ ಹಾರುತ್ತೆ. ಅದರಲ್ಲಿ ನಿನ್ನ ತಪ್ಪೂ ಇರುವುದಿಲ್ಲ, ನಿನ್ನ ಮಾತೂ ನಡೆಯುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಇದಕ್ಕೆ ತಿರುಗುಮುರುಗಾದ ಕತೆಯೊಂದಿದೆ. ‘ಹೋಮ್ ಆ್ಯಂಡ್ ಅವೇ’ ಅನ್ನುವ ಧಾರಾವಾಹಿ 1988ರ ಜನವರಿಯಲ್ಲಿ ಶುರುವಾಯಿತು, ಈಗಲೂ ನಡೆಯುತ್ತಿದೆ. ಅದರಲ್ಲಿ ಸ್ಯಾಲಿ ಅನ್ನುವ ಪುಟ್ಟ ಹುಡುಗಿಯಾಗಿ ಬಂದ ಕೇಟ್ ರಿಚಿಗೆ ಆಗ ಒಂಬತ್ತು ವರ್ಷ. ಅಲ್ಲಿ ಲೀಪ್ ಇಲ್ಲ. ಹುಡುಗಿ ಬೆಳೆದ ಹಾಗೆ ಪಾತ್ರವೂ ಬೆಳೆಯಿತು, ಸ್ಯಾಲಿ ಶಾಲೆಗೆ ಹೋದಳು, ಮೇಡಂ ಆದಳು, ಮದುವೆಯಾದಳು. ಕೇಟ್ ಅದನ್ನು ಬಿಟ್ಟದ್ದು 2008ರಲ್ಲಿ, ಇಪ್ಪತ್ತು ವರ್ಷದ ಮೇಲೆ. ಆ ದೇಶದ ಟಿವಿಯವರಿಗೆ ಗೋಲ್ಡ್ ಲೋಗಿ ಅನ್ನುವುದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಅದು ಆಕೆಗೆ ಬಂದದ್ದು 2007ರಲ್ಲಿ, ಮತ್ತೆ 2008ರಲ್ಲಿ, ಅಂದರೆ ಬಿಡುವ ಹೊತ್ತಿಗೆ. ಪ್ರಶಸ್ತಿ ಕೈಯಲ್ಲಿರುವಾಗಲೇ ಎದ್ದು ಬಂದು ರೇಡಿಯೊದಲ್ಲಿ ಮಾತಾಡುವ ಕೆಲಸ ಹಿಡಿದರು, ಮಕ್ಕಳಿಗೆ ಪುಸ್ತಕ ಬರೆದರು. ಇಪ್ಪತ್ತು ವರ್ಷ ಒಂದೇ ಪಾತ್ರ ಮಾಡಿದ್ದನ್ನು ಲೋಕ ಹೊಗಳುತ್ತೆ. ಅದರ ಮೇಲೂ ಎದ್ದು ಬಂದರಲ್ಲ, ಆ ಗಟ್ಟಿತನ ನನಗೆ ಅದಕ್ಕಿಂತ ಹೆಚ್ಚು ಕಾಣುತ್ತೆ.

ನಾನು ನಿನಗೆ ಹೇಳಬೇಕಾದ ಮಾತು ಇದೇ ಮಗ. ಒಪ್ಪಿಕೊಳ್ಳುವುದು ಸುಲಭ. ‘ಇವತ್ತು ಆಗಲ್ಲ’, ‘ಈ ಸೀನು ನನಗೆ ಬೇಡ’, ‘ಇನ್ನು ಸಾಕು’ ಅನ್ನುವ ಬಾಯಿ ನಿನ್ನಲ್ಲಿ ಉಳಿಯುತ್ತಾ, ಅದನ್ನು ನೋಡಿಕೊಂಡು ಹೂಂ ಅನ್ನು. ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದವರಲ್ಲಿ ಯಾರ ಬದುಕು ನೆಟ್ಟಗಾಯಿತು, ಯಾರದು ಮುರಿಯಿತು ಅಂತ ನೋಡಿದರೆ ಪ್ರತಿಭೆಗಿಂತ ಹೆಚ್ಚಾಗಿ ಈ ಬಾಯಿಯೇ ಲೆಕ್ಕಕ್ಕೆ ಬಂದಿದೆ.

‘ಮಾಲ್ಗುಡಿ ಡೇಸ್’ ನೀನು ಮೊಬೈಲಿನಲ್ಲಿ ನೋಡಿದ್ದೀಯ. 1986ರಲ್ಲಿ ಅದು ದೂರದರ್ಶನದಲ್ಲಿ ಬರುವಾಗ ನಮ್ಮೂರಿನಲ್ಲಿ ಟಿವಿ ಇದ್ದದ್ದು ಎಲ್ಲೋ ಒಂದೆರಡು ಮನೆಯಲ್ಲಿ. ಶಂಕರ್‌ನಾಗ್ ಆಗುಂಬೆಯಲ್ಲಿ ಮಾಲ್ಗುಡಿ ಕಟ್ಟಿದ್ದರು. ಸ್ವಾಮಿಯಾಗಿದ್ದವನು ಮಾಸ್ಟರ್ ಮಂಜುನಾಥ್, ಹತ್ತರ ಆಸುಪಾಸಿನ ಹುಡುಗ. ಅಪ್ಪನಾಗಿ ಗಿರೀಶ ಕಾರ್ನಾಡರು, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಅಂಥವರ ಎದುರು ನಿಂತು ಒಂದಿಷ್ಟೂ ಅಳುಕದೆ ಕಣ್ಣರಳಿಸಿದ ಹುಡುಗ ಅವನು. ‘ರಣಧೀರ’ದಲ್ಲಿ ರವಿಚಂದ್ರನ್ ಅವರ ಬಾಲ್ಯ, 1990ರ ಹಿಂದಿ ‘ಅಗ್ನಿಪಥ್’ನಲ್ಲಿ ಅಮಿತಾಭ್ ಬಚ್ಚನ್ ಅವರ ಬಾಲ್ಯ ಎರಡೂ ಅವನದೇ. ಇಷ್ಟು ಮಾಡಿದ ಮೇಲೆ ಹೀರೊ ಆಗುತ್ತಾನೆ ಅಂತ ನಾವೆಲ್ಲ ಕಾದಿದ್ದೆವು. ಆತ ಹದಿವಯಸ್ಸು ಮುಗಿಯುವ ಹೊತ್ತಿಗೆ ನಟನೆ ನಿಲ್ಲಿಸಿ ಓದಿಗೆ ಹೋದರು. ಮುಂದೆ ಬೆಂಗಳೂರಿನಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸ ಹಿಡಿದರು. ಬೆಂಗಳೂರು–ಮೈಸೂರು ಕಾರಿಡಾರ್ ಅಂತ ನಮ್ಮ ಜಿಲ್ಲೆಯವರು ವರ್ಷಗಟ್ಟಲೆ ಜಗಳ ಆಡಿದ ಯೋಜನೆ ಇದೆಯಲ್ಲ, ಅದರಲ್ಲೂ ಕೆಲಸ ಮಾಡಿದರು. ‘ಪಾಪ, ಸಿನಿಮಾ ಕೈಬಿಟ್ಟಿತು’ ಅಂತ ಮರುಕಪಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಕೈಬಿಟ್ಟದ್ದು ಸಿನಿಮಾ ಅಲ್ಲ, ಅವರು. ಸ್ವಾಮಿಯ ಪಾತ್ರಕ್ಕೆ ಅದರಿಂದ ಏನೂ ಕಡಿಮೆ ಆಗಿಲ್ಲ, ಇವತ್ತಿಗೂ ಹಾಗೇ ಇದೆ.

ಇನ್ನು ಪುನೀತ್ ರಾಜ್‌ಕುಮಾರ್. ಹುಟ್ಟಿದ ವರ್ಷ ತುಂಬುವ ಹೊತ್ತಿಗೇ ‘ಪ್ರೇಮದ ಕಾಣಿಕೆ’ಯಲ್ಲಿ ತೆರೆಗೆ ಬಂದ ಕೂಸು. 1985ರ ‘ಬೆಟ್ಟದ ಹೂವು’ ಚಿತ್ರಕ್ಕೆ ಬಾಲನಟನೆಂದು ರಾಷ್ಟ್ರಪ್ರಶಸ್ತಿ ಬಂತು. ಆ ಚಿತ್ರ ನೋಡು, ತಪ್ಪದೆ ನೋಡು. ಬಡವರ ಹುಡುಗ ರಾಮು ಕುವೆಂಪು ಅವರ ರಾಮಾಯಣ ಕೊಳ್ಳಬೇಕು ಅಂತ ಕಾಸಿಗೆ ಕಾಸು ಕೂಡಿಸುತ್ತಾನೆ, ಕೊನೆಗೆ ಮನೆಯವರಿಗೆ ಚಳಿ ಅಂತ ಆ ದುಡ್ಡಿನಲ್ಲಿ ಕಂಬಳಿ ತರುತ್ತಾನೆ. ಮನೆಗಾಗಿ ದುಡಿಯುವ ಮಗುವಿನ ಕತೆಯನ್ನು ದುಡಿಯುವ ಅಗತ್ಯವೇ ಇಲ್ಲದ ಮನೆಯ ಮಗು ಅಭಿನಯಿಸಿತು. ಎಲ್ಲ ಬಾಲನಟರಿಗೂ ಅಷ್ಟು ನೆಮ್ಮದಿಯ ಮನೆ ಸಿಗುವುದಿಲ್ಲ. 1989ರ ‘ಪರಶುರಾಮ್’ ಆದಮೇಲೆ ಆತ ಹೀರೊ ಆಗಿ ಬಂದದ್ದು 2002ರ ‘ಅಪ್ಪು’ವಿನಲ್ಲಿ. ನಡುವೆ ಹದಿಮೂರು ವರ್ಷ. ಅಷ್ಟು ವರ್ಷ ಪರದೆಯಿಂದ ದೂರ ಇದ್ದರೆ ಜನ ಮರೆತುಬಿಡುತ್ತಾರೆ ಅನ್ನುವುದು ಸುಳ್ಳು. ಅದೇ 2002ರಲ್ಲಿ ವಿಜಯ ರಾಘವೇಂದ್ರ ಕೂಡ ‘ನಿನಗಾಗಿ’ಯಲ್ಲಿ ನಾಯಕನಾಗಿ ಬಂದರು. ಅವರು 1993ರ ‘ಚಿನ್ನಾರಿ ಮುತ್ತ’ದ ಹುಡುಗ. ಮರುವರ್ಷ ‘ಕೊಟ್ರೇಶಿ ಕನಸು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಗೊಂಡರು. ಅದನ್ನು ನಿರ್ದೇಶಿಸಿದವರು ನಮ್ಮ ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿ ಚಂದ್ರಶೇಖರ್. ನಮ್ಮ ಜಿಲ್ಲೆಯವರು ಅಂತ ಹೇಳಿಕೊಳ್ಳುವ ಚಪಲ ನನಗೂ ಇದೆ, ಇರಲಿ.

ಮಾಸ್ಟರ್ ಆನಂದ್ ಮಾತ್ರ ನಿಲ್ಲಿಸಲೇ ಇಲ್ಲ. 1991ರ ‘ಗೌರಿ ಗಣೇಶ’ದ ಆ ತುಂಟ ಮುಂದೆ ಕಿರುತೆರೆಯಲ್ಲಿ ನಟಿಸಿದರು, ನಿರ್ದೇಶಿಸಿದರು, ‘ಡ್ರಾಮಾ ಜೂನಿಯರ್ಸ್’ ನಿರೂಪಿಸಿದರು. ಮದುವೆಯಾಗಿ ಮಕ್ಕಳಾದ ಮೇಲೂ ಹೆಸರಿನ ಮುಂದೆ ‘ಮಾಸ್ಟರ್’ ಹಾಗೇ ಇದೆ. ಆತ ಅದನ್ನು ನಗುನಗುತ್ತಾ ಹೊತ್ತಿದ್ದಾರೆ. ಎಲ್ಲರಿಗೂ ಆ ನಗು ಒಲಿಯುವುದಿಲ್ಲ.

ಈಗ ಮೇಲುಕೋಟೆಗೆ ಬಾ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಚಿಕ್ಕ ವಯಸ್ಸಿನಲ್ಲೇ ಬಣ್ಣ ಹಚ್ಚಿದವರಲ್ಲಿ ಎಲ್ಲರಿಗಿಂತ ಮೇಲೇರಿದವರು ಜಯಲಲಿತಾ. 1948ರ ಫೆಬ್ರವರಿ 24ರಂದು ಮೇಲುಕೋಟೆಯಲ್ಲಿ ಹುಟ್ಟಿದರು. ತಾಯಿ ಸಂಧ್ಯಾ ಸಿನಿಮಾ ನಟಿ. 1961ರ ‘ಶ್ರೀಶೈಲ ಮಹಾತ್ಮೆ’ಯಲ್ಲಿ ಸಣ್ಣ ಪಾತ್ರ, 1964ರಲ್ಲಿ ಬಿ.ಆರ್. ಪಂತುಲು ಅವರ ‘ಚಿನ್ನದ ಗೊಂಬೆ’ಯಲ್ಲಿ ನಾಯಕಿ. ಆಗಿನ್ನೂ ಹದಿನಾರು. ಹುಡುಗಿ ಓದಿನಲ್ಲಿ ಮುಂದು, ಕಾಲೇಜು ಸೇರುವ ಆಸೆ. ಸಿನಿಮಾ ತಾನಾಗಿ ಆರಿಸಿಕೊಂಡದ್ದಲ್ಲ, ಮನೆಯ ಕಷ್ಟಕ್ಕೆ ಅಮ್ಮ ಹೇಳಿದ್ದಕ್ಕೆ ಒಪ್ಪಿದ್ದು ಅಂತ ಮುಖ್ಯಮಂತ್ರಿಯಾದ ಮೇಲೂ ಸಂದರ್ಶನದಲ್ಲಿ ಹೇಳಿಕೊಂಡರು. ಒಂದು ರಾಜ್ಯವನ್ನೇ ಆಳಿದವರ ಮನಸ್ಸಿನಲ್ಲಿ ಆ ಹದಿನಾರರ ನೋವು ಹಾಗೇ ಉಳಿದಿತ್ತು ಅನ್ನುವುದನ್ನು ನಿಮ್ಮಪ್ಪ ಅಮ್ಮ ಇಬ್ಬರೂ ಓದಲಿ ಅಂತಲೇ ಬರೆಯುತ್ತಿದ್ದೇನೆ. ಗೆದ್ದರೆ ಎಲ್ಲ ಮರೆತುಹೋಗುತ್ತೆ ಅಂದುಕೊಳ್ಳಬೇಡಿ.

ದುಡ್ಡಿನ ಮಾತು ಬಿಡುವ ಹಾಗಿಲ್ಲ. ನಿಮ್ಮಪ್ಪ ಒಳ್ಳೆಯವನು, ನನ್ನ ಮಗ. ಆದರೆ ಸಾಲ ಇದೆ, ಬೋರ್‌ವೆಲ್ ಎರಡು ಸಲ ಕೈಕೊಟ್ಟಿದೆ. ಮಗಳ ಖಾತೆಗೆ ಬಂದ ದುಡ್ಡು ಮನೆಯ ಗಂಜಿಯೊಳಗೆ ಯಾವಾಗ ಕರಗಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಜಾಕಿ ಕೂಗನ್ ಅಂತ ಒಬ್ಬ ಹುಡುಗ ಇದ್ದ, 1921ರಲ್ಲಿ ಚಾರ್ಲಿ ಚಾಪ್ಲಿನ್ ಜೊತೆ ‘ದಿ ಕಿಡ್’ ಮಾಡಿದವನು. ಲಕ್ಷಗಟ್ಟಲೆ ಡಾಲರ್ ದುಡಿದ. ದೊಡ್ಡವನಾಗಿ ನೋಡಿದರೆ ತಾಯಿ, ಮಲತಂದೆ ಸೇರಿ ಬಹುಪಾಲು ಖಾಲಿ ಮಾಡಿದ್ದರು. 1938ರಲ್ಲಿ ಹೆತ್ತವಳ ಮೇಲೇ ಕೋರ್ಟಿಗೆ ಹೋಗಬೇಕಾಯಿತು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು, ಮಗು ದುಡಿದ ದುಡ್ಡಿನಲ್ಲಿ ಒಂದು ಪಾಲು ಮಗುವಿಗೇ ಎತ್ತಿಡಬೇಕು ಅಂತ.

ನಮ್ಮಲ್ಲೂ ಕಾನೂನಿದೆ, ಓದಿಕೊಂಡಿದ್ದೇನೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು, 2017ರಲ್ಲಿ ನಿಯಮಗಳು ಬಂದವು. ಕೆಲಸಕ್ಕೆ ಹಚ್ಚಬಾರದ ಹದಿನಾಲ್ಕರೊಳಗಿನ ಮಕ್ಕಳನ್ನು ನಟನೆಗೆ ಬಿಡಬಹುದು, ಅದೂ ಷರತ್ತಿನ ಮೇಲೆ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿ, ಅಂದರೆ ಡಿಸಿ ಸಾಹೇಬರಿಂದ ನಿರ್ಮಾಪಕರು ಮೊದಲೇ ಅನುಮತಿ ತಗೊಳ್ಳಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಮೂರು ಗಂಟೆಗೊಮ್ಮೆ ಬಿಡುವು ಕೊಡಲೇಬೇಕು. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕರೆಯುವಂತಿಲ್ಲ. ಓದಿಗೆ ತಡೆಯಾಗದ ಹಾಗೆ ಏರ್ಪಾಡು ಮಾಡಬೇಕು. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿ ಹೊತ್ತ ದೊಡ್ಡವರು ಸೆಟ್ಟಿನಲ್ಲಿ ಇರಬೇಕು. ಮಗುವಿನ ಗಳಿಕೆಯಲ್ಲಿ ಕಡೇಪಕ್ಷ ಶೇಕಡ 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿಯಾಗಬೇಕು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಕೊನೆಯದು: ಮಗುವಿಗೆ ಇಷ್ಟವಿಲ್ಲದೆ, ಮಗು ಒಪ್ಪದೆ ಯಾರೂ ಅದನ್ನು ನಟನೆಗೆ ಹಚ್ಚುವಂತಿಲ್ಲ. ಅಪ್ಪ ಅಮ್ಮನ ಸಹಿ ಒಂದಿದ್ದರೆ ಸಾಲದು ಮಗ, ನೀನೂ ಒಪ್ಪಬೇಕು.

ಇಲ್ಲಿ ಒಂದು ತೊಡಕಿದೆ. ಈ ನಿಯಮದಲ್ಲಿ ಮಗು ಅಂದರೆ ಹದಿನಾಲ್ಕು ತುಂಬದವರು. ನಿನಗೆ ಹದಿಮೂರು. ಧಾರಾವಾಹಿ ಓಡುತ್ತಿರುವಾಗಲೇ ಹದಿನಾಲ್ಕು ತುಂಬುತ್ತೆ, ಆಮೇಲೆ ‘ಐದು ಗಂಟೆ ನಿಯಮ ನಿಮ್ಮ ಹುಡುಗಿಗೆ ಅನ್ವಯಿಸಲ್ಲ’ ಅಂದಾರು. ಹಾಗಾಗಿ ಗಂಟೆ, ರಜೆ, ಪರೀಕ್ಷೆ, ಠೇವಣಿ ಎಲ್ಲವನ್ನೂ ಕರಾರಿನಲ್ಲೇ ಬರೆಸಬೇಕು, ನಿನ್ನ ವಯಸ್ಸು ಎಷ್ಟಾದರೂ ಅದು ನಡೆಯುವ ಹಾಗೆ. ಠೇವಣಿಯೂ ಬರೀ ಇಪ್ಪತ್ತಲ್ಲ, ಅರ್ಧ ಇಡಿಸಿ ಅಂತ ನಿಮ್ಮಪ್ಪನಿಗೆ ಹೇಳಿದ್ದೇನೆ. ಅವನು ಹೂಂ ಅಂದಿದ್ದಾನೆ, ಮನಸ್ಸಿಲ್ಲದೆ ಅಂದ ಅಂತ ನನಗೆ ಗೊತ್ತು. ಅಂದಿದ್ದಾನಲ್ಲ, ಅಷ್ಟು ಸಾಕು.

ಕಾಗದದ ಮೇಲಿನ ಐದು ಗಂಟೆ ಸೆಟ್ಟಿನಲ್ಲಿ ಹೇಗೆ ಹಿಗ್ಗುತ್ತೆ ಅಂತಲೂ ತಿಳಿದಿರಲಿ. ದಿನಾ ಬರುವ ಧಾರಾವಾಹಿಗೆ ವಾರಕ್ಕೆ ಐದಾರು ಕಂತು ಬೇಕು. ಕಂತುಗಳನ್ನು ಮುಂಚೆಯೇ ತೆಗೆದಿಟ್ಟುಕೊಂಡಿರದಿದ್ದರೆ ಇವತ್ತು ತೆಗೆದದ್ದು ನಾಳೆಯೋ ನಾಳಿದ್ದೋ ಬರಬೇಕು. ಹಬ್ಬದ ಸೀನು, ಮದುವೆ ಸೀನು ಅಂದರೆ ಎಲ್ಲರನ್ನೂ ಒಟ್ಟಿಗೆ ಕೂಡಿಹಾಕುತ್ತಾರೆ, ನಿನ್ನ ಒಂದು ಮಾತು ಇರುವುದು ಸಂಜೆಗೆ, ಕಾಲ್‌ಶೀಟ್ ಮಾತ್ರ ಬೆಳಿಗ್ಗೆಗೆ. ಕಾಯುವುದನ್ನು ಅವರು ದುಡಿಮೆ ಅಂತ ಲೆಕ್ಕ ಹಾಕುವುದಿಲ್ಲ, ನೀನು ಹಾಕು. ಬೆಂಗಳೂರಿಗೆ ಹೊಸ ಹೆದ್ದಾರಿ ಬಂದಿದೆ, ಮಂಡ್ಯದಿಂದ ಕೆಂಗೇರಿಗೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹೋಗಬಹುದು ಅಂತ ನಿಮ್ಮಪ್ಪ ಹೇಳುತ್ತಾನೆ. ಹೋಗಬಹುದು, ಬರಬಹುದು. ರಾತ್ರಿ ಹತ್ತಕ್ಕೆ ಪ್ಯಾಕಪ್ ಆಗಿ, ಕಾರಿನಲ್ಲಿ ನಿದ್ದೆ ಹೋಗಿ, ಬೆಳಿಗ್ಗೆ ಗಣಿತದ ಪಿರಿಯಡ್ಡಿಗೆ ಕೂರುವವಳು ನೀನೋ ಅವನೋ? ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇಕಡ 75 ಹಾಜರಾತಿ ಬೇಕು. ಟಿವಿಯಲ್ಲಿ ಬರುವ ಹುಡುಗಿ ಅಂತ ಮೇಷ್ಟ್ರು ಸುಮ್ಮನೆ ಹಾಜರಿ ಹಾಕಿಯಾರು. ಅಂಥ ಹಾಜರಿಯಿಂದ ಹಾಳಾದ ಮಕ್ಕಳನ್ನು ನಾನು ಶಾಲೆಯಲ್ಲಿದ್ದಾಗ ಕಂಡಿದ್ದೇನೆ. ಅವರು ನಟರಲ್ಲ, ಕಬಡ್ಡಿ ಆಡುವವರು. ಕತೆ ಒಂದೇ.

ಆಡಿಷನ್‌ಗೆ, ಫೋಟೊಗೆ, ನೋಂದಣಿಗೆ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಇದಕ್ಕೆ ಇನ್ನು ವಿವರಣೆ ಬೇಡ.

ನಟನೆಯನ್ನು ನೀನು ಕಲಿಯಬೇಕು ಅನ್ನುವುದು ಬೇರೆ ಮಾತು. ಧಾರಾವಾಹಿಯಲ್ಲಿ ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಮಾತನ್ನು ಪಕ್ಕದಿಂದ ಯಾರೋ ಹೇಳಿಕೊಡುತ್ತಾರೆ, ನೀನು ಒಪ್ಪಿಸುತ್ತೀಯ, ಕಣ್ಣಿಗೆ ಗ್ಲಿಸರಿನ್ ಹಾಕುತ್ತಾರೆ, ಅಳುತ್ತೀಯ. ಮುದ್ದಾಗಿದ್ದೀಯ ಅಂತ ಎಲ್ಲವೂ ನಡೆಯುತ್ತೆ. ಮುದ್ದು ಹೋದ ವರ್ಷ ಏನು ಮಾಡುತ್ತೀಯ? ನಮ್ಮ ಜಿಲ್ಲೆಯಿಂದ ಹೋಗಿ ತೆರೆಯಲ್ಲಿ ನಿಂತವರನ್ನು ನೋಡು. ಮಂಡ್ಯ ರಮೇಶ್ ರಂಗಭೂಮಿಯಲ್ಲಿ ಪಳಗಿ ಆಮೇಲೆ ಸಿನಿಮಾ, ಟಿವಿಗೆ ಬಂದವರು. ಮೈಸೂರಿನಲ್ಲಿ ‘ನಟನ’ ಕಟ್ಟಿ ಈಗಲೂ ಮಕ್ಕಳಿಗೆ ಬೇಸಿಗೆ ಶಿಬಿರ ಮಾಡುತ್ತಾರೆ. ಸತೀಶ್ ನೀನಾಸಂ ನಮ್ಮ ಜಿಲ್ಲೆಯ ಹಳ್ಳಿಯ ಹುಡುಗ, ಹೆಗ್ಗೋಡಿನ ನೀನಾಸಂಗೆ ಹೋಗಿ ಕಲಿತರು. ಮೊದಲು ಧಾರಾವಾಹಿ, ಆಮೇಲೆ ಸಣ್ಣಪುಟ್ಟ ಪಾತ್ರ, ಆಮೇಲೆ 2013ರ ‘ಲೂಸಿಯಾ’. ಕಲಿತ ಶಾಲೆಯ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡಿದ್ದಾರೆ, ನೋಡು. ಮಂಡ್ಯ ರವಿ ನಿನಗೆ ನೆನಪಿರಬಹುದು, ಟಿ.ಎನ್. ಸೀತಾರಾಂ ಅವರ ‘ಮಗಳು ಜಾನಕಿ’ಯಲ್ಲಿ ಚಂದು ಭಾರ್ಗಿ. ಮಂಡ್ಯದ ರಂಗಭೂಮಿಯಿಂದ ಹೋದವರು, ಕಾನೂನು ಓದಿದವರು. 2022ರ ಸೆಪ್ಟೆಂಬರಿನಲ್ಲಿ ಇನ್ನೂ ನಡುವಯಸ್ಸಿನಲ್ಲೇ ತೀರಿಕೊಂಡರು. ಆ ಮನುಷ್ಯ ಸುಮ್ಮನೆ ಕುರ್ಚಿಯಲ್ಲಿ ಕೂತು ಎದುರಿನವರ ಮಾತು ಕೇಳುವ ಸೀನನ್ನು ಹುಡುಕಿ ನೋಡು. ಮಾತಿಲ್ಲದಿರುವಾಗ ಏನು ಮಾಡಬೇಕು ಅನ್ನುವುದನ್ನು ಗ್ಲಿಸರಿನ್ ಕಲಿಸುವುದಿಲ್ಲ.

ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಶ್ 1972ರ ‘ನಾಗರಹಾವು’ ಚಿತ್ರದಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಅವರಿಗೆ ಇಪ್ಪತ್ತು. ಅದೂ ಜಲೀಲ ಅನ್ನುವ ಪುಂಡನ ಚಿಕ್ಕ ಪಾತ್ರ. ಹದಿಮೂರಕ್ಕೆ ಬಸ್ಸು ಹತ್ತದಿದ್ದರೆ ಬಸ್ಸೇ ಇಲ್ಲ ಅಂತ ಯಾರಾದರೂ ಹೆದರಿಸಿದರೆ ಈ ಹೆಸರು ಹೇಳು.

ಜನರ ವಿಚಾರ ಒಂದಿಷ್ಟು. ಮಂಡ್ಯದ ಜನ ಪ್ರೀತಿಸಿದರೆ ಹೆಗಲ ಮೇಲೆ ಹೊರುತ್ತಾರೆ, ಸಿಟ್ಟು ಬಂದರೆ ಮುಖಕ್ಕೆ ಹೇಳುತ್ತಾರೆ. ಎರಡೂ ಮನೆ ಬಾಗಿಲಲ್ಲೇ ನಡೆಯುವುದರಿಂದ ಅದಕ್ಕೆ ನೀನು ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಮೊಬೈಲಿಗೆ. ನಿನ್ನ ಮೈಬಣ್ಣ, ಮೈಕಟ್ಟು, ಮಾತಿನ ‘ಕಣ’, ‘ಕನಾ’ ಎಲ್ಲದರ ಮೇಲೂ ಮುಖ ಕಾಣದವರು ಬರೆಯುತ್ತಾರೆ. ಹೊಗಳಿಕೆಯನ್ನೂ ಓದಬೇಡ, ಬೈಗುಳವನ್ನೂ ಓದಬೇಡ. ಸೋಶಿಯಲ್ ಮೀಡಿಯಾದಲ್ಲಿ ನಿನ್ನ ಹೆಸರಿನ ಖಾತೆ ಬೇಕು ಅಂತ ಧಾರಾವಾಹಿಯವರು ಕೇಳಿದರೆ ಹದಿನೆಂಟು ತುಂಬಲಿ ಅನ್ನಿ. ಇನ್ನೊಂದು, ನಮ್ಮ ಮಂಡ್ಯ ಮಾತನ್ನು ನಗಿಸಲು ಮಾತ್ರ ಬಳಸುವುದು ಧಾರಾವಾಹಿಯವರ ಕೆಟ್ಟ ಚಾಳಿ. ಕೆಲಸದವಳ ಬಾಯಲ್ಲಿ, ಪೆದ್ದನ ಬಾಯಲ್ಲಿ ಮಂಡ್ಯ ಕನ್ನಡ, ಮಿಕ್ಕವರ ಬಾಯಲ್ಲಿ ಪುಸ್ತಕದ ಕನ್ನಡ. ನಿನಗೆ ಅಂಥ ಪಾತ್ರ ಕೊಟ್ಟರೆ ಮಾಡು, ನಾಚಿಕೆ ಬೇಡ. ಆದರೆ ನಿಮ್ಮಜ್ಜಿ ಮಾತಾಡುವ ಹಾಗೆ ಮಾತಾಡು, ಅಣಕ ಮಾಡಬೇಡ.

ಹೆಣ್ಣುಮಗು ಅಂತ ಇನ್ನೂ ಒಂದು ಮಾತು ಹೇಳಲೇಬೇಕು. ಸೆಟ್ಟಿಗೆ ನಿಮ್ಮಮ್ಮ ಜೊತೆಯಲ್ಲಿ ಬರಬೇಕು, ಬರಲಾಗದ ದಿನ ನೀನೂ ಹೋಗಬೇಡ. ‘ಮನೆಯವರು ಹೊರಗೆ ಕೂತಿರಲಿ, ಹುಡುಗಿ ಮುಜುಗರ ಪಡ್ತಾಳೆ’ ಅಂತ ಯಾರು ಅಂದರೂ ಅವರ ಮಾತು ಕೇಳಬೇಡಿ, ಅವರು ಎಷ್ಟು ದೊಡ್ಡವರಾದರೂ ಸರಿ. ನಿನಗೆ ಇರಿಸುಮುರಿಸಾದರೆ ಅಲ್ಲೇ, ಆಗಲೇ, ಎಲ್ಲರಿಗೂ ಕೇಳುವ ಹಾಗೆ ‘ಬೇಡ’ ಅನ್ನು. ಶೂಟಿಂಗ್ ನಿಂತರೆ ನಿಲ್ಲಲಿ. ನಷ್ಟದ ಲೆಕ್ಕ ಹೇಳಿ ಮಗುವನ್ನು ಹೆದರಿಸುವವರಿದ್ದಾರೆ. ಆ ಲೆಕ್ಕ ನಿನ್ನದಲ್ಲ, ನಿರ್ಮಾಪಕರದ್ದು.

ನಿಮ್ಮಪ್ಪ ಅಮ್ಮ ಈ ಕಾಗದ ಓದುವಾಗ ಇಲ್ಲಿ ಸ್ವಲ್ಪ ನಿಂತು ಓದಲಿ. ಕರಾರು ಪತ್ರ ಬಂದ ದಿನವೇ ಸಹಿ ಹಾಕಬೇಡಿ. ‘ಇವತ್ತೇ ಹಾಕಿ, ನಾಳೆ ಬೇರೆ ಹುಡುಗಿ ಬರ್ತಾಳೆ’ ಅಂದರೆ ಆ ಬೇರೆ ಹುಡುಗಿಗೇ ಒಳ್ಳೆಯದಾಗಲಿ ಅನ್ನಿ. ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಬರೆಸಿ ಕೊಡಿ ಅಂತ ಕೇಳಿ, ಅದು ಬೇಡಿಕೊಳ್ಳುವ ಮಾತಲ್ಲ. ಭಾನುವಾರ ಮಳವಳ್ಳಿಗೆ ತನ್ನಿ, ನನ್ನ ಹಳೆಯ ಶಿಷ್ಯರಲ್ಲಿ ವಕೀಲರಿದ್ದಾರೆ, ಕೂತು ಒಂದೊಂದು ಸಾಲೂ ಓದೋಣ. ಎಷ್ಟು ತಿಂಗಳ ಮುಂಚೆ ತಿಳಿಸಿದರೆ ನಾವು ಬಿಟ್ಟು ಬರಬಹುದು, ಆ ಸಾಲನ್ನು ಮೊದಲು ಹುಡುಕಬೇಕು. ಅದು ಇಲ್ಲದ ಕಾಗದಕ್ಕೆ ಈ ಮನೆಯಿಂದ ಸಹಿ ಹೋಗಬಾರದು.

ನಿನ್ನನ್ನೇ ಒಂದು ಕೇಳುತ್ತೇನೆ ಮಗ. ಇಷ್ಟು ಜನ ಹಿಗ್ಗಿದ್ದಾರೆ, ನಿನಗೆ ಇಷ್ಟವಾ ಅಂತ ನಿನ್ನನ್ನು ಯಾರಾದರೂ ಕೇಳಿದರಾ? ಅಪ್ಪನಿಗೆ, ಅಮ್ಮನಿಗೆ, ಗೆಳತಿಯರಿಗೆ ಏನು ಹೇಳಿದ್ದೀಯೋ ಅದು ಇರಲಿ. ರಾತ್ರಿ ಒಬ್ಬಳೇ ಕೂತು ಯೋಚಿಸಿ ನನಗೆ ನಾಲ್ಕು ಸಾಲು ಬರೆ. ಇಷ್ಟ ಇದ್ದರೆ ಬರೆ, ಮೊದಲ ದಿನ ಸೆಟ್ಟಿಗೆ ನಾನೂ ಬರುತ್ತೇನೆ. ಇಷ್ಟ ಇಲ್ಲದಿದ್ದರೂ ಬರೆ, ನಿಮ್ಮಪ್ಪನಿಗೆ ನಾನು ಹೇಳುತ್ತೇನೆ.